ಯಲ್ಲಾಪುರದಿಂದ ಬರಲು ಯಾವ ವೀಸಾ ಬೇಕು?

ಪೊಲೀಸ್ ಠಾಣೆಯಲ್ಲಿ ಬಾಡಿಗೆದಾರರ ಅರ್ಜಿಗಳಿಗೆ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಇದನ್ನು ನಿಮ್ಮ ಮೇಜಿನ ಮುಂದೆ ನಿಂತು ನಾಲ್ಕು ಸಲ ಹೇಳಿದ್ದೇನೆ, ಐದನೆಯ ಸಲ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ. ನಾನು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಸಿದ್ದಿ ಹೆಂಗಸು. ಕೊರ್ತಾಲಿಮ್‌ನಲ್ಲಿ ಬಾಡಿಗೆಗೆ ಇದ್ದುಕೊಂಡು ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಗೋವಾಕ್ಕೆ ಬಂದದ್ದು ಬಸ್ಸಿನಲ್ಲಿ. ಕಂಡಕ್ಟರ್ ಟಿಕೆಟ್ ಕೇಳಿದನೇ ಹೊರತು ವೀಸಾ ಕೇಳಲಿಲ್ಲ. ಪಾಪ, ಅವನಿಗೆ ನಿಮ್ಮಷ್ಟು ಕಾಯ್ದೆಯ ಜ್ಞಾನ ಇರಲಿಕ್ಕಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ನೀವು ಕಾರವಾರದವರೆಂದು ನೀವೇ ಹೇಳಿದ್ದೀರಿ, ನನಗಲ್ಲ, ನನ್ನ ಪಕ್ಕದ ಖೋಲಿಯ ಮಾನಪ್ಪನವರಿಗೆ. ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಮಾನಪ್ಪನವರೂ ನಾನೂ ಒಂದೇ ದಿನ, ಒಂದೇ ನಮೂನೆಯ ಅರ್ಜಿ ಹಿಡಿದು ಬಂದಿದ್ದೆವು. ಎರಡರ ಮೇಲೂ ಮನೆ ಒಡತಿ ಸೀತಾಬಾಯಿಯವರ ಸಹಿ ಇತ್ತು. ಮಾನಪ್ಪನವರ ಆಧಾರ್ ಜೆರಾಕ್ಸ್ ನೋಡಿ, "ಓ, ನಮ್ಮ ಕಡೆಯವ್ರು!" ಎಂದು ನಕ್ಕು ಮುದ್ರೆ ಒತ್ತಿದಿರಿ. ನನ್ನ ಆಧಾರ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಿರಿ, ಉಗುರಿನಿಂದ ಕೆರೆದಿರಿ. ಅಲ್ಲಿಯವರೆಗೆ 'ರೀ' ಅನ್ನುತ್ತಿದ್ದ ನಿಮ್ಮ ಬಾಯಿ ನನ್ನ ಸರದಿ ಬರುತ್ತಲೇ 'ನೀ'ಗೆ ಇಳಿಯಿತು.

"ಪಾಸ್‌ಪೋರ್ಟ್ ಎಲ್ಲಿ?"

"ಇಲ್ಲ ಸರ್."

"ಪಾಸ್‌ಪೋರ್ಟ್ ಇಲ್ದೆ ಈ ದೇಶಕ್ಕೆ ಹೇಗೆ ಬಂದೆ?"

"ಹುಟ್ಟಿ ಬಂದೆ ಸರ್."

ನೀವು ನಗಲಿಲ್ಲ. ಬದಲಿಗೆ, "ಕನ್ನಡ ಎಷ್ಟು ಚಂದ ಮಾತಾಡ್ತೀ! ಯಾರು ಕಲಿಸಿದ್ರು?" ಎಂದು ಮೆಚ್ಚಿಕೊಂಡಿರಿ. ಹದಿನಾಲ್ಕು ವರ್ಷದಿಂದ ಕನ್ನಡ ಕಲಿಸುತ್ತಿರುವವಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ? ನನ್ನ ಪರವಾಗಿ ಮಾನಪ್ಪನವರೇ ಬಾಯಿ ಹಾಕಿದರು: "ಸಾಹೇಬ್ರ, ಇವ್ರು ನಮ್ಮ ಹುಡುಗ್ರಿಗೆ ಕನ್ನಡ ಕಲಸೂ ಅಕ್ಕೋರು ರೀ. ಖರೇ ಹೇಳ್ಬೇಕಂದ್ರ, ನಿಮ್ಮೂರಿಗೆ ನಮ್ಮೂರಿಗಿಂತ ಇವ್ರ ಊರೇ ಹತ್ರ ಐತ್ರಿ." ಭೂಗೋಳ ನಿಮಗೆ ರುಚಿಸಲಿಲ್ಲ. ಮಾನಪ್ಪನವರನ್ನು ಹೊರಗೆ ಕಳಿಸಿದಿರಿ.

ಮೂರನೆಯ ಸಲ ಬಂದಾಗ ನೀವೇ ಒಂದು ಉಪಾಯ ಸೂಚಿಸಿದಿರಿ, ಹೊಸದಾಗಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಾ ಎಂದು. ಅದಕ್ಕೆ ನಾನಿರುವ ವಿಳಾಸವನ್ನು ಪೊಲೀಸರು ಪರಿಶೀಲಿಸಬೇಕು. ಪೊಲೀಸರೆಂದರೆ ನೀವೇ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ವಿವರಿಸುವುದು ಪ್ರತಿ ವರ್ಷ ಕಷ್ಟವಾಗುತ್ತಿತ್ತು. ಈ ವರ್ಷ ನಿಮ್ಮ ಕಚೇರಿಯ ಉದಾಹರಣೆ ಕೊಟ್ಟೆ, ತಕ್ಷಣ ತಿಳಿಯಿತು.

ನಿಮ್ಮೊಬ್ಬರನ್ನೇ ದೂರುವುದು ಅನ್ಯಾಯ. ನನ್ನ ಗುಂಗುರು ಕೂದಲು ಗುಡಿಯ ಗಂಟೆಯಿದ್ದಂತೆ, ಬಂದವರೆಲ್ಲ ಒಮ್ಮೆ ಮುಟ್ಟಿ ಹೋಗುತ್ತಾರೆ. ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಬಾಳೆಹಣ್ಣಿನವಳು ನನಗೆ ಇಂಗ್ಲಿಷಿನಲ್ಲಿ ದರ ಹೇಳುತ್ತಾಳೆ. ನಾನು ಕೊಂಕಣಿಯಲ್ಲಿ ಚೌಕಾಸಿಗೆ ಇಳಿದರೆ ಪಕ್ಕದವಳನ್ನು ಕರೆದು ನನ್ನನ್ನು ತೋರಿಸುತ್ತಾಳೆ. ಬಸ್ಸು ತುಂಬಿ ಜನ ನೇತಾಡುತ್ತಿದ್ದರೂ ನನ್ನ ಪಕ್ಕದ ಸೀಟು ಮಾತ್ರ ಖಾಲಿ, ಚೀಲ ಇಡಲು ಅನುಕೂಲ. ಕಡಲ ದಂಡೆಗೆ ಹೋದರೆ ಮರ್ಯಾದಸ್ಥ ಪ್ರವಾಸಿಗರು ಗಾಂಜಾ ಹುಡುಕಿಕೊಂಡು ಹತ್ತಿರ ಬಂದು "ಮಾಲ್ ಹೈ ಕ್ಯಾ?" ಎಂದು ಪಿಸುಗುಡುತ್ತಾರೆ. ಇದೆ, ಚೀಲದ ತುಂಬ ಉತ್ತರ ಪತ್ರಿಕೆಗಳಿವೆ, ತಿದ್ದಿಕೊಡಿ ಅನ್ನಬೇಕೆನಿಸುತ್ತದೆ.

ನಮ್ಮ ಶಾಲೆಯ ಕತೆಯನ್ನಂತೂ ಕೇಳಲೇಬೇಕು. ನಾನು ಸೇರಿದ ವರ್ಷ ಒಂದನೆಯ ಇಯತ್ತೆಗೆ ಹಿಂದೆಂದೂ ಇಲ್ಲದಷ್ಟು ಮಕ್ಕಳು ಬಂದರು. ಮುಖ್ಯೋಪಾಧ್ಯಾಯರು ಹಿಗ್ಗಿಹೋದರು. ವಾರ ಕಳೆದ ಮೇಲೆ ಮಾನಪ್ಪನವರ ಹೆಂಡತಿ ಚಂದವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಅಕ್ಕೋರ, ಇಂಗ್ಲಿಷ್ ಯಾವಾಗ ಸುರು ಮಾಡ್ತೀರಿ? ಫಾರಿನ್ ಅಕ್ಕೋರು ಬಂದಾರಂತ ಇಡೀ ಓಣಿ ಹುಡುಗ್ರನ್ನ ಇಲ್ಲೇ ಹಾಕೇವ್ರಿ." ನಾನು ಕನ್ನಡದವಳೆಂದು ತಿಳಿದಾಗ ಆಕೆಯ ಮುಖ ಸಪ್ಪಗಾಯಿತು. ಆದರೆ ಒಂದು ಮಾತು, ಚಂದವ್ವ ತಪ್ಪು ತಿಳಿದಳು, ತಿಳಿದ ಮೇಲೆ ಮನೆಗೆ ಕರೆದು ರೊಟ್ಟಿ ಹಾಕಿದಳು. ನೀವು ತಿಳಿದ ಮೇಲೂ ಮುದ್ರೆ ಹಾಕಲಿಲ್ಲ.

ನನ್ನ ಮೂಲದ ಬಗ್ಗೆ ನಿಮಗೆ ಅಷ್ಟೊಂದು ಆಸಕ್ತಿ ಇರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ನನ್ನ ಪೂರ್ವಜರು ಆಫ್ರಿಕಾದಿಂದ ಬಂದವರು ಹೌದು, ಹಡಗಿನಿಂದ ಇಳಿದದ್ದೂ ಇದೇ ಗೋವಾದಲ್ಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅವರ ಬಳಿ ಪಾಸ್‌ಪೋರ್ಟ್ ಇರಲಿಲ್ಲ, ಕಾಲಿಗೆ ಸರಪಳಿ ಇತ್ತು. ಆ ಕಾಲದ ಅಧಿಕಾರಿಗಳು ಅದನ್ನೇ ಸಾಕಷ್ಟು ದಾಖಲೆಯೆಂದು ಒಪ್ಪಿಕೊಂಡರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಯಲ್ಲಾಪುರದ ಕಾಡು ಸೇರಿದರು. ಇಷ್ಟು ತಲೆಮಾರುಗಳ ಮೇಲೆ ಅವರ ಮೊಮ್ಮಗಳು ಸ್ವಂತ ಇಚ್ಛೆಯಿಂದ, ಟಿಕೆಟ್ ತೆಗೆಸಿ ಬಂದರೆ ದಾಖಲೆ ಸಾಲುತ್ತಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನು ಮುಚ್ಚಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. ನಾಲ್ಕನೆಯ ಸಲ ಬಂದಾಗ ನಿಮ್ಮ ಕಚೇರಿಯ ಬೆಂಚಿನ ಮೇಲೆ ಆಫ್ರಿಕಾದ ಒಬ್ಬರು ಕೂತಿದ್ದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಫೈಲು. ನನ್ನನ್ನು ಕಂಡು ಮುಖ ಅರಳಿಸಿ, "ಸಿಸ್ಟರ್" ಎಂದು ಸರಿದು ಜಾಗ ಕೊಟ್ಟರು. ನಾನು ಕೂರಲಿಲ್ಲ. ನಿಮಗೆ ಕೇಳಲಿ ಎಂದೇ ಗಟ್ಟಿಯಾಗಿ, "ಸಾಹೇಬ್ರೇ, ನಾನು ಇವರ ಪೈಕಿ ಅಲ್ಲ" ಎಂದೆ. ಅವರಿಗೆ ಕನ್ನಡ ಬಾರದು, ಆದರೂ ತಿಳಿಯಿತು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಫೈಲು ಇಟ್ಟುಕೊಂಡು ನೆಲ ನೋಡುತ್ತ ಕೂತರು. ಆ ದಿನ ನನಗೆ ನಿಮ್ಮ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಹೇಸಿಗೆ ದೊಡ್ಡದು.

ಅವರ ಫೈಲಿನಲ್ಲಿ ಪಾಸ್‌ಪೋರ್ಟ್ ಇತ್ತು, ವೀಸಾ ಇತ್ತು, ನೀವು ನನ್ನಿಂದ ಕೇಳುತ್ತಿರುವುದೆಲ್ಲ ಇತ್ತು. ಆದರೂ ಅವರು ಬೆಳಿಗ್ಗೆಯಿಂದ ಕಾಯುತ್ತಿದ್ದರು. ನಿಮ್ಮ ಸಿಬ್ಬಂದಿ ಅವರನ್ನು ಕರೆದದ್ದು "ಏ ಕಾಲೂ", ಅಂದರೆ ಏ ಕರಿಯಾ, ಎಂದು. ಹಾಗಾದರೆ ಪಾಸ್‌ಪೋರ್ಟ್ ತಂದು ನಾನು ಪಡೆಯಬೇಕಾದದ್ದು ಏನು, ಮಾನ್ಯರೇ?

ಈ ತಿಂಗಳ ಮೂವತ್ತರೊಳಗೆ ಮುದ್ರೆಯಾದ ಅರ್ಜಿ ಕೈಗೆ ಬಾರದಿದ್ದರೆ ಖೋಲಿ ಬಿಡಬೇಕೆಂದು ಸೀತಾಬಾಯಿ ಹೇಳಿದ್ದಾರೆ. ಅವರು ಕೆಟ್ಟವರಲ್ಲ, ನಿಮಗೆ ಹೆದರುತ್ತಾರೆ. ಈ ಖೋಲಿ ಸಿಗುವ ಮೊದಲು ಏಳು ಮನೆ ಕೇಳಿದ್ದೆ. ಫೋನಿನಲ್ಲಿ ಖಾಲಿ ಇದ್ದ ಮನೆ ನಾನು ಗೇಟಿಗೆ ಬರುವಷ್ಟರಲ್ಲಿ ತುಂಬಿಹೋಗುತ್ತಿತ್ತು. ಇದೂ ಹೋದರೆ ಶಾಲೆ ಬಿಟ್ಟು ಊರಿಗೆ ಹೋಗುವುದೊಂದೇ ದಾರಿ. ನಾಲ್ಕನೆಯ ಇಯತ್ತೆಯ ಮೂವತ್ತೊಂದು ಮಕ್ಕಳಿಗೆ ಬೇರೆ ಶಿಕ್ಷಕರಿಲ್ಲ. ನನಗೆ ಭಯವಾಗಿದೆ, ಅದನ್ನು ವ್ಯಂಗ್ಯದಲ್ಲಿ ಅಡಗಿಸಲು ಇನ್ನು ನನ್ನಿಂದಾಗದು.

ಆದ್ದರಿಂದ ಸೋಮವಾರ ಹನ್ನೊಂದು ಗಂಟೆಗೆ ಅದೇ ಆಧಾರ್, ಅದೇ ಅರ್ಜಿ ಹಿಡಿದು ಬರುತ್ತೇನೆ. ಮಾನಪ್ಪನವರಿಗೆ ಒತ್ತಿದ ಮುದ್ರೆಯನ್ನೇ ನನಗೂ ಒತ್ತಿ. ಬೆಂಚಿನ ಮೇಲೆ ಕಾಯುವವರು ಯಾವ ದೇಶದವರೇ ಆಗಲಿ, ಅವರ ಹೆಸರು ಹಿಡಿದು ಕರೆಯಿರಿ. ಮುದ್ರೆ ಒತ್ತಲು ಆಗುವುದಿಲ್ಲವೇ? ಆಗಲಿ, ನಿರಾಕರಿಸಿದ್ದೇನೆ ಎಂದು ಬರೆದು ಕೊಡಿ. ಕಾರಣ ಎಂಬ ಜಾಗದಲ್ಲಿ 'ಅರ್ಜಿದಾರಳ ಮುಖ' ಎಂದು ಸ್ಪಷ್ಟ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿ. ಕಾಗುಣಿತ ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿಕೊಡುತ್ತೇನೆ.

ಇಂತಿ,
ತಮ್ಮ ಪರಿಶೀಲನೆಯಲ್ಲೇ ಉಳಿದಿರುವ,
ಅಂಬಿಕಾ ಸಿದ್ದಿ
ಕನ್ನಡ ಶಿಕ್ಷಕಿ
ವಿಳಾಸ: ಕೊರ್ತಾಲಿಮ್, ಮೂವತ್ತನೇ ತಾರೀಖಿನವರೆಗೆ