ಅಮ್ಮ ಅಂದರೆ ಯಾರ ಅಮ್ಮ?

ಭಾನುವಾರ, ಬೆಳಗಿನ ಎರಡನೇ ಚಹಾ ಆದ ಮೇಲೆ

ಮಗಳೇ,

ಈ ಪತ್ರದ ಮೂಲಕ ನಾಡಿನ ಸಮಸ್ತ ಜನತೆಗೆ, ಅಂದರೆ ನಿನಗೆ, ಅತ್ಯಂತ ಹೆಮ್ಮೆಯಿಂದ ಘೋಷಿಸುವುದೇನೆಂದರೆ: ನಮ್ಮ ಬಚ್ಚಲುಮನೆಯ ನಲ್ಲಿ ಸೋರುವುದನ್ನು ನಿಲ್ಲಿಸಿದೆ. ನೀನು ಹೈಸ್ಕೂಲಿನಲ್ಲಿದ್ದಾಗ ಆರಂಭವಾದ ಸೋರಿಕೆ. ಎಷ್ಟೋ ಸರ್ಕಾರಗಳು ಬಂದು ಹೋದವು, ಅದು ಮಾತ್ರ ಅಧಿಕಾರ ಬಿಟ್ಟಿರಲಿಲ್ಲ. ಈಗ ಅದೂ ಬಾಯಿ ಮುಚ್ಚಿಕೊಂಡಿದೆ. ಮನೆಯಲ್ಲಿ ಸದ್ದು ಮಾಡುವವರು ಯಾರೂ ಉಳಿದಿಲ್ಲ.

ರಿಪೇರಿ ಮಾಡಿದವನು ಸ್ಪ್ಯಾನರ್. ಅಮ್ಮ ವಾರ್ಡನ್ ಆಗಿದ್ದ, ಮನೆಯಿಲ್ಲದ ಮಕ್ಕಳ ಹಾಸ್ಟೆಲಿನಲ್ಲಿ ಬೆಳೆದ ಹುಡುಗ, ಈಗ ಪ್ಲಂಬರ್. ನಾನು ಕರೆದಿರಲಿಲ್ಲ, ತಾನಾಗಿ ಬಂದ. ಅಮ್ಮ ಯಾವಾಗಲೋ ಹೇಳಿದ್ರು, ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದೆ ಅಂಕಲ್ ಅಂದ. ಒಂದು ವಾಷರ್ ಹಾಕಲು ಬಚ್ಚಲಿನ ಬಾಗಿಲು ಹಾಕಿಕೊಂಡು ಅಷ್ಟು ಹೊತ್ತು ಕೂತಿರಬೇಕಾಗಿರಲಿಲ್ಲ. ನಾನೂ ಕೇಳಲಿಲ್ಲ. ಹೊರಬಂದಾಗ ಮುಖ ತೊಳೆದುಕೊಂಡಿದ್ದ.

ಪತ್ರ ಯಾಕೆ ಅನ್ನುತ್ತೀಯ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೆ. ಅಮ್ಮನನ್ನು ಕಳಿಸಿಕೊಟ್ಟ ದಿನದಿಂದ ಎತ್ತಿಲ್ಲ. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವುದಾದರೆ ಓದಿ ಹರಿ.

ಆ ದಿನ ಏನಾಯಿತೆಂದು ನನಗೆ ಗೊತ್ತು. ಅಂಗಳದ ತುಂಬ ಅವಳ ಹಾಸ್ಟೆಲಿನಿಂದ ಬೆಳೆದು ಹೋದವರು. ಗಡ್ಡ ಬಂದವರು, ಮಕ್ಕಳನ್ನು ಎತ್ತಿಕೊಂಡವರು, ಕೆಲಸದ ಯೂನಿಫಾರ್ಮಿನಲ್ಲೇ ಓಡಿ ಬಂದವರು. ಅಷ್ಟೂ ಜನ ಅಮ್ಮಾ ಅಮ್ಮಾ ಅಂತ ಅಳುತ್ತಿದ್ದರು. ನೀನು ಬಸ್ಸಿಳಿದು, ಚೀಲ ಹೆಗಲಿನಿಂದ ಇಳಿಸದೆ, ಸಾಲಿನ ಕೊನೆಯಲ್ಲಿ ನಿಂತೆ. ಪಕ್ಕದಲ್ಲಿದ್ದ ಹುಡುಗಿ ಮೂಗು ಒರೆಸಿಕೊಳ್ಳುತ್ತ ನಿನ್ನನ್ನು ಕೇಳಿದಳು: ಅಕ್ಕಾ, ನೀವು ಯಾವ ಬ್ಯಾಚು?

ಬೇರೆ ಯಾರ ಮನೆಯದಾದರೂ ಆಗಿದ್ದರೆ ಇದನ್ನು ನಾವಿಬ್ಬರೂ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು. ನೀನು ಸಂಜೆಯ ಬಸ್ಸಿಗೆ ಹೊರಟುಹೋದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹೊರಡುತ್ತಿದ್ದೆ; ಆದರೆ ಬಾಡಿಗೆ ಕುರ್ಚಿಗಳನ್ನು ಎಣಿಸಿ ವಾಪಸು ಮಾಡಬೇಕಾಗಿತ್ತಲ್ಲ.

ಈಗ ಅಮ್ಮನ ಫೋನು ನನ್ನ ಜೇಬಿನಲ್ಲಿದೆ. ಅದು ದಿನವಿಡೀ ಬಡಿದುಕೊಳ್ಳುತ್ತದೆ. ಹದಿನೆಂಟು ತುಂಬಿ ಹಾಸ್ಟೆಲು ಬಿಟ್ಟ ಮೇಲೂ ಈ ಮಕ್ಕಳಿಗೆ ಏನಾದರೂ ಕೇಳಬೇಕೆಂದರೆ ಅವಳೇ. ಒಬ್ಬನಿಗೆ ಬಾಡಿಗೆ ಮನೆಯ ಓನರ್ ಜೊತೆ ಹೇಗೆ ಮಾತಾಡಬೇಕೆಂದು, ಇನ್ನೊಬ್ಬಳಿಗೆ ನೋಡಲು ಬಂದ ಹುಡುಗ ಒಳ್ಳೆಯವನೋ ಪಾಕಡಾನೋ ಎಂದು. ಕೆಲವರಿಗೆ ಸುದ್ದಿ ತಲುಪಿಲ್ಲ, ಅಮ್ಮನಿಗೆ ಕೊಡಿ ಅನ್ನುತ್ತಾರೆ. ತಲುಪಿದವರೂ ಮಾಡುತ್ತಾರೆ, ಗೊತ್ತು ಅಂಕಲ್, ಸುಮ್ಮನೆ ಮಾಡ್ದೆ ಅಂತ ಇಟ್ಟುಬಿಡುತ್ತಾರೆ.

ಅಂಕಲ್ ಅನ್ನುವುದನ್ನು ಗಮನಿಸಿದೆಯಾ? ಅವಳು ಅಮ್ಮನಾದರೆ ವ್ಯಾಕರಣದ ಪ್ರಕಾರ ನಾನು ಅಪ್ಪನಾಗಬೇಕಿತ್ತು. ಜೀವನಪೂರ್ತಿ ಪತ್ರಿಕೆಯ ಕರಡು ತಿದ್ದಿದ ನನಗೆ ಈ ತಪ್ಪೊಂದನ್ನು ತಿದ್ದಲು ಆಗಲಿಲ್ಲ. ಇಡೀ ಪ್ರಪಂಚದಲ್ಲಿ ನನ್ನನ್ನು ಅಪ್ಪ ಅನ್ನುವವಳು ನೀನೊಬ್ಬಳೇ.

ಮೊನ್ನೆ, ಹಾಸ್ಟೆಲು ಬಿಟ್ಟು ಬೇಕರಿಯಲ್ಲಿ ಕೆಲಸಕ್ಕಿರುವ ಹುಡುಗಿ ಫೋನ್ ಮಾಡಿದ್ದಳು. ಅವಳ ಕೂಸಿಗೆ ಮೈ ಬೆಚ್ಚಗಿದೆ, ಸ್ನಾನ ಮಾಡಿಸಬಹುದಾ ಅಂತ. ನಾನು, ಒಂದು ನಿಮಿಷ ಇರಮ್ಮ, ಕೇಳಿ ಹೇಳ್ತೀನಿ ಅಂದು, ಫೋನಿಗೆ ಕೈ ಅಡ್ಡ ಇಟ್ಟು, ಅಡುಗೆಮನೆಗೆ ಹೋದೆ. ಹೋಗಿ ನಿಂತೆ. ಅಲ್ಲಿ ಗ್ಯಾಸ್ ಒಲೆ ಇತ್ತು, ಬೋರಲು ಹಾಕಿದ ಲೋಟ ಇತ್ತು. ಆ ಕಡೆ ಅವಳಿಗೂ ಗೊತ್ತಾಯಿತು. ಪರವಾಗಿಲ್ಲ ಅಂಕಲ್, ಡಾಕ್ಟರ ಹತ್ತಿರಾನೇ ಹೋಗ್ತೀನಿ ಅಂದಳು. ಹೋದಳಂತೆ. ಕೂಸು ಹುಷಾರಾಗಿದೆ.

ಈಗ ಅಳತೆ ಮೇಡಂ ವಿಷಯ. ನೀನು ಅವರನ್ನು ನೋಡಿಲ್ಲ. ಹಾಸ್ಟೆಲು ನಡೆಸುವ ಸಂಸ್ಥೆಯವರು ಹೋದ ವರ್ಷ ಅವರನ್ನು ನೇಮಿಸಿಕೊಂಡರು. ಹುದ್ದೆಯ ಹೆಸರು ಪರಿಣಾಮ ಮಾಪನ ಅಧಿಕಾರಿ. ನಾವು ಇಷ್ಟು ವರ್ಷ ಸಾಕಿದ ಮಕ್ಕಳು ಏನಾದರು, ನಮ್ಮಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಅಳೆದು ಹೇಳುವುದು ಅವರ ಕೆಲಸ. ಅಳತೆಗೆ ಬಂದಿದ್ದೇನೆ ಅಂದಾಗ ನಿಮ್ಮಮ್ಮ, ಪರದೆ ಹೊಲಿಯುವವರು ಎಂದುಕೊಂಡು ಅವರನ್ನು ಕಿಟಕಿಯಿಂದ ಕಿಟಕಿಗೆ ನಡೆಸಿ, ಇದು ಸ್ವಲ್ಪ ಗಿಡ್ಡ ಇರಲಿ ಅಂದಿದ್ದಳು. ಅವರು ಪಾಪ, ಬರೆದುಕೊಂಡೂ ಇದ್ದರು.

ಅವರು ಹಳೆಯ ಮಕ್ಕಳಿಗೆಲ್ಲ ಹಲವು ಪ್ರಶ್ನೆ ಕಳಿಸಿದರು. ಅದರಲ್ಲೊಂದು, ಕಷ್ಟ ಬಂದಾಗ ನೀವು ಫೋನ್ ಮಾಡಬಹುದಾದ ಒಬ್ಬರಾದರೂ ಇದ್ದಾರಾ, ಇದ್ದರೆ ಯಾರು ಎಂದು. ಒಳ್ಳೆಯ ಪ್ರಶ್ನೆ, ಅದರಲ್ಲಿ ಎರಡು ಮಾತಿಲ್ಲ. ಹತ್ತರಲ್ಲಿ ಒಂಬತ್ತು ಜನ ಒಂದೇ ಪದದ ಉತ್ತರ ಬರೆದರು: ಅಮ್ಮ.

ವಾರ್ಷಿಕ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಉತ್ತರಗಳನ್ನು ಪಾಲು ಮಾಡಿದ ಒಂದು ಚಕ್ರ ತೋರಿಸಿದರು; ಅಮ್ಮ ಎಂದವರ ಪಾಲು ಹಸಿರು, ಹೆಚ್ಚುಕಮ್ಮಿ ಪೂರಾ ಹಸಿರು. ತಾಯಿಯಿಂದ ದೂರವಾಗಿದ್ದ ಮಕ್ಕಳಲ್ಲಿ ಬಹುಪಾಲು ಜನ ಮರಳಿ ತಾಯಿಯ ಆಸರೆಗೆ ಸೇರಿದ್ದಾರೆ, ಇದು ನಮ್ಮ ಸಂಸ್ಥೆಯ ಅತಿದೊಡ್ಡ ಸಾಧನೆ ಎಂದು ಅಧ್ಯಕ್ಷರು ಹೇಳಿದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಿಮ್ಮಮ್ಮ.

ವಾಪಸು ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಮೇಲೆ ಅಂದಳು: ಕಳ್ಳ ನನ್ಮಕ್ಕಳು, ಅವರವರ ಅಮ್ಮ ಸಿಕ್ಕಿದಾರೆ ಅಂತ ನನಗೊಂದು ಮಾತು ಹೇಳಲಿಲ್ಲ ನೋಡಿ. ಸಂತೋಷವೂ ಇತ್ತು, ಒಳಗೆ ಚುರುಕ್ ಅಂದಿದ್ದೂ ಇತ್ತು. ಮೂವತ್ತು ಹಡೆದವಳ ಮುಂದೆ ಮೂರು ಹಡೆದವಳು ಬಾಣಂತನದ ಕಥೆ ಹೇಳಿದ ಹಾಗಾಯ್ತಾ ಅಂತ ಕೆಣಕಿದೆ. ನಗಲಿಲ್ಲ. ಅವತ್ತಿನಿಂದ ತಾನಾಗಿ ಯಾರಿಗೂ ಫೋನ್ ಮಾಡುವುದನ್ನು ಬಿಟ್ಟಳು. ಅವರು ಮಾಡಿದರೆ ಚುಟುಕಾಗಿ ಮುಗಿಸಿ, ನಿಮ್ಮಮ್ಮನ್ನೂ ಒಂದು ಮಾತು ಕೇಳಪ್ಪ ಅನ್ನುತ್ತಿದ್ದಳು. ಅವರಿಗೆ ಅದು ತಮಾಷೆ ಅನ್ನಿಸುತ್ತಿತ್ತಂತೆ. ಅಮ್ಮನನ್ನೇ ಕೇಳ್ತಿದೀನಲ್ಲ ಅಂದುಕೊಂಡು ಇಡುತ್ತಿದ್ದರಂತೆ.

ಮುಂದಿನದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಎರಡು ಪತ್ರ ಬರೆದು ಹಾಳು ಮಾಡಿದೆ. ಇದು ಮೂರನೆಯದು.

ಒಂದು ದಿನ ಅಟ್ಟದಿಂದ ದೊಡ್ಡ ಚೀಲ ಇಳಿಸಿ ಅಂದಳು. ಇನ್ನು ಇವರನ್ನೆಲ್ಲ ನೋಡಿಕೊಳ್ಳೋಕೆ ಅವರವರ ಅಮ್ಮಂದಿರಿದಾರೆ, ನಾನು ರಜ ಹಾಕಿ ನಮ್ಮ ಹುಡುಗಿ ಹತ್ತಿರ ಹೋಗಿ ಇದ್ದು ಬರ್ತೀನಿ ಅಂದಳು. ಎಷ್ಟು ದಿನ ಎಂದು ಕೇಳಿದೆ. ಅವಳು ಹೊರಡು ಅನ್ನೋವರೆಗೂ ಅಂದಳು. ಚೀಲ ಬಿಸಿಲಿಗಿಟ್ಟಳು. ಅವಳಿಗೆ ಹೇಳಬೇಡಿ, ಬೇಡ ಅಂದುಬಿಟ್ಟರೆ ಕಷ್ಟ, ನೇರ ಹೋಗಿ ಬಾಗಿಲು ತಟ್ಟುತ್ತೇನೆ ಅಂದಳು. ಅವಳು ಈಗಲೂ ಚಹಾಗೆ ಸಕ್ಕರೆ ಹಾಕಿಕೊಳ್ತಾಳಾ ಎಂದು ನನ್ನನ್ನು ಕೇಳಿದಳು. ನನಗೂ ಗೊತ್ತಿರಲಿಲ್ಲ. ಹೂಂ, ಅರ್ಧ ಚಮಚ ಅಂದೆ, ಗೊತ್ತಿದ್ದವನ ಹಾಗೆ.

ಆ ವಾರವೇ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಚೀಲ ಇನ್ನೂ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಕೂತಿದೆ.

ಅಳತೆ ಮೇಡಂ ಆಮೇಲೆ ಮನೆಗೆ ಬಂದರು. ನಾವು ಮಾತಾಡುತ್ತಿದ್ದ ಹಾಗೇ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಮೂರನೆಯವನೂ ಅಮ್ಮ ಇದಾರಾ ಅಂದಾಗ ಅವರು ಚಹಾದ ಲೋಟ ಕೆಳಗಿಟ್ಟರು. ಇವರೆಲ್ಲ ಮೇಡಂ ಅನ್ನೋದಿಲ್ವಾ ಎಂದು ಕೇಳಿದರು. ಇಲ್ಲಮ್ಮ, ಮೊದಲಿನಿಂದಲೂ ಅಮ್ಮ ಅಂದೆ. ಅವರು ಆ ಒಂದು ಪದವನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡರು. ಅಷ್ಟೂ ಜನ ಬರೆದದ್ದು ಒಬ್ಬಳೇ ಹೆಂಗಸಿನ ಬಗ್ಗೆ. ಎಲ್ಲರೂ ಕಾಗುಣಿತ ಸರಿಯಾಗಿಯೇ ಬರೆದಿದ್ದರು; ಅದಕ್ಕೇ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಅಂದರೆ ಆ ಚಕ್ರದ ಹಸಿರೆಲ್ಲ ನಿಮ್ಮಮ್ಮನೇ. ಅವಳು ತನಗೇ ಚಪ್ಪಾಳೆ ತಟ್ಟಿಕೊಂಡು, ಬೇರೆ ಯಾರದೋ ಎಂದು ಹೊಟ್ಟೆ ಉರಿದುಕೊಂಡು, ಹೋಗಿಬಿಟ್ಟಳು.

ಮೇಡಂ ಬಗ್ಗೆ ಒಂದು ಮಾತು ಹೇಳಲೇಬೇಕು. ಈಗ ಯಾಕೆ ಕೆದಕುವುದು, ಮುಂದಿನ ವರ್ಷದ ವರದಿಯಲ್ಲಿ ಸರಿಮಾಡಿದರಾಯಿತು ಎಂದು ಅಧ್ಯಕ್ಷರು ಅಂದರಂತೆ. ಈಕೆ ಒಪ್ಪಲಿಲ್ಲ. ಅದೇ ಚಕ್ರವನ್ನು ಮತ್ತೆ ಪರದೆಗೆ ಹಾಕಿ, ಹಸಿರನ್ನೆಲ್ಲ ಅಳಿಸಿ, ಮಕ್ಕಳಿಗೆ ಒಬ್ಬರಾದರೂ ಇದ್ದಾರಾ ಅಂತ ನಾವು ಕೇಳಿದೆವು, ಅದೇ ಒಬ್ಬರು ಎಷ್ಟು ಜನರಿಗೆ ಅಂತ ಕೇಳಲಿಲ್ಲ, ಇವತ್ತು ಇವರಿಗೆ ಯಾರೂ ಇಲ್ಲ ಎಂದರಂತೆ. ಈಗ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದಾರೆ. ಒಬ್ಬರ ಹೆಸರು ಸಾಲದು, ಇನ್ನೂ ಇಬ್ಬರು ಬೇಕು. ಹೆಸರು ಬರೆದುಕೊಂಡು ಸುಮ್ಮನಾಗುವುದೂ ಇಲ್ಲ. ಆ ಮನುಷ್ಯರಿಗೇ ಫೋನ್ ಮಾಡಿ, ಇಂಥವರು ನಿಮ್ಮನ್ನು ನಂಬಿದ್ದಾರೆ, ನಿಮಗೆ ಗೊತ್ತಾ, ಒಪ್ಪಿಗೆಯಾ ಎಂದು ಕೇಳುತ್ತಾರೆ. ಸ್ಪ್ಯಾನರ್ ಇಬ್ಬರಿಗೆ ಒಪ್ಪಿಕೊಂಡಿದ್ದಾನೆ. ಬೇಕರಿ ಹುಡುಗಿ ಒಬ್ಬನಿಗೆ. ಹಸಿರು ಸದ್ಯಕ್ಕೆ ಒಂದು ಎಳೆಯಷ್ಟಿದೆಯಂತೆ.

ಇಷ್ಟೆಲ್ಲ ಬರೆದು, ಅಮ್ಮನಿಗೆ ನಿನ್ನ ಮೇಲೇ ಹೆಚ್ಚು ಪ್ರೀತಿಯಿತ್ತು ಎಂದು ಮುಗಿಸುತ್ತೇನೆ ಅಂದುಕೊಂಡಿದ್ದರೆ, ಇಲ್ಲ. ನಾನು ಅಳೆದಿಲ್ಲ. ಕಂಡದ್ದನ್ನು ಹೇಳುತ್ತೇನೆ. ಹಾಸ್ಟೆಲಿನವರ ಫೋನ್ ಬಂದರೆ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ತರಕಾರಿ ಹೆಚ್ಚುತ್ತಲೇ, ಹೇಳು ಮಗಾ ಅನ್ನುತ್ತಿದ್ದಳು. ನಿನ್ನದು ಬಂದರೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕುರ್ಚಿ ಎಳೆದು ಕೂತು, ಆಮೇಲೆ ಏನು ಮಾತಾಡುವುದೆಂದು ತೋಚದೆ, ನೀವೇ ಮಾತಾಡಿ ಅಂತ ನನಗೆ ಕೊಡುತ್ತಿದ್ದಳು. ನಿನಗೆ ಆ ಕಡೆಯಿಂದ ಅದು ಹೇಗೆ ಕೇಳಿಸುತ್ತಿತ್ತೆಂದು ಬಲ್ಲೆ. ಊರ ಮಕ್ಕಳ ಮುಂದೆ ಪಟಪಟ ಅನ್ನುತ್ತಿದ್ದವಳಿಗೆ ನಿನ್ನೆದುರು ಭಯ. ಇದಕ್ಕೆ ಏನು ಹೆಸರಿಡುತ್ತೀಯೋ ಇಡು. ನಾನು ತಿದ್ದುವುದಿಲ್ಲ.

ಊಟ ನಡೆಯುತ್ತಿದೆ. ಔಷಧಿ ಮರೆಯುತ್ತಿಲ್ಲ. ಸುಳ್ಳು, ಮರೆಯುತ್ತೇನೆ.

ನಿನ್ನ ಚಹಾದ ಸಕ್ಕರೆ ಲೆಕ್ಕ ಇನ್ನೂ ಗೊತ್ತಿಲ್ಲದ,

ಅಪ್ಪ

ಮರೆತಿದ್ದೆ: ಹೊರಡುವ ಮುಂಚೆ ಮೇಡಂ, ಅಂಕಲ್, ಅಮ್ಮ ಹೋದ ಮೇಲೆ ಯಾರೂ ಇಲ್ಲದವರ ಸಾಲಿನಲ್ಲಿ ನೀವೂ ಬರ್ತೀರಿ, ನಿಮಗೆ ಯಾರು ಎಂದು ಕೇಳಿದರು. ನಾನು ಹಾಸ್ಟೆಲಿನವನಲ್ಲಮ್ಮ ಅಂದೆ. ಆದರೂ ಹೇಳಿ ಅಂದರು. ನಿನ್ನ ನಂಬರ್ ಕೊಟ್ಟೆ. ಇನ್ನಿಬ್ಬರು ಬೇಕೆಂದರು, ಯೋಚಿಸುತ್ತೇನೆ ಎಂದೆ. ಗುರುವಾರ ಬೆಳಿಗ್ಗೆ ನಿನಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತದೆ. ಒಪ್ಪಬೇಕೆಂದೇನಿಲ್ಲ, ಆಗಲ್ಲ ಅಂದರೂ ಅವರು ಬರೆದುಕೊಳ್ಳುತ್ತಾರೆ. ಆ ಹೊತ್ತಿಗೆ ಫೋನು ಸೈಲೆಂಟ್‌ನಲ್ಲಿ ಇಡಬೇಡ, ಅಷ್ಟೆ.