ಸಿಂಪಿ ಒಡೆದ ಕೈ

ಕ್ಯೋಟೊ, ಮಂಗಳವಾರ

ಸುಮಿಯೆ ಅಕ್ಕಾ,

ಹೊಸ ಸಿನಿಮಾದಲ್ಲಿ ನಾಯಕಿ ಪಾತ್ರ ನನಗೇ ಬಂತು ಕಣೇ! ಇಷ್ಟು ದಿನ ಮುದುಕಿ ಪಾತ್ರಗಳಿಗೆ ಬರೀ ನನ್ನ ಕೈ ತೋರಿಸ್ತಿದ್ದರು, ಈ ಸಲ ಮುಖ. ಬೆಸ್ತರ ಹುಡುಗಿ ಪಾತ್ರ. ನಿರ್ದೇಶಕ ಕುರಹಾಶಿ ನನ್ನ ಬೆರಳು ನೋಡಿ, "ಏನಮ್ಮಾ, ಇದು ಕೈಯೋ ಗರಗಸವೋ? ನಾಯಕಿ ಕೈ ಹಿಂಗಿದ್ರೆ ಜನ ಎದ್ದು ಹೋಗ್ತಾರೆ" ಅಂದರು.

"ಊರಲ್ಲಿ ಕಡಲ ಸಿಂಪಿ ಒಡೆದು ಬೆಳೆದೋರ ಕೈ ಇನ್ಹೆಂಗಿರತ್ತೆ ಸಾರ್?" ಅಂದೆ. ಎಲ್ಲರೂ ನಕ್ಕರು.

ಇವತ್ತು ಸಿಂಪಿ ಒಡೆಯೋ ದೃಶ್ಯಕ್ಕೆ ನನ್ನ ಕೈ ಬದಲು ಇಲ್ಲಿನ ಔಷಧಿ ಅಂಗಡಿಯವರ ಮಗಳ ಮೆತ್ತನೆ ಕೈ ಬಂತು. ಚಾಕು ಹಿಡಿಯೋದನ್ನ ಅವಳಿಗೆ ನಾನೇ ಕಲಿಸಿದೆ. ಆಗಿನಿಂದ ಕೂತಲ್ಲಿ ಕೂರೋಕಾಗ್ತಿಲ್ಲ. ಜ್ವರ ಗಿರ ಏನಿಲ್ಲ, ಊಟ ಸೇರ್ತಿಲ್ಲ ಅಷ್ಟೆ.

ಅಮ್ಮ ಪ್ರತಿ ಸಿನಿಮಾದಲ್ಲೂ "ಅಗೋ, ನನ್ನ ಮಗಳ ಕೈ" ಅಂತ ಪಕ್ಕದವರನ್ನ ತಿವೀತಾಳಲ್ಲ, ಈ ಸಲ ಸಿಂಪಿ ಒಡೆಯೋ ಹೊತ್ತಿಗೆ ಏನಾದರೂ ಮಾತಾಡಿಸಿ ಅವಳ ಕಣ್ಣು ಪರದೆ ಕಡೆ ಹೋಗದ ಹಾಗೆ ನೋಡ್ಕೊ.

ಕರೀತಿದಾರೆ, ಹೋಗ್ತೀನಿ.
ತೊಮೊಎ