ಎಂಜಿನ್ ಕೇಳಿದ ಸೊಸೆಗೆ

ಪ್ರೀತಿಯ ಸಾಯ್ಕಾಲ್,

ನೀನು ಹುಟ್ಟಿದ ದಿನದ ಖರ್ಚು ಇಷ್ಟು: ನಾನೂ ನಿನ್ನಪ್ಪ ಉರಾನ್‌ನೂ ಎರಡು ಚಳಿಗಾಲ ಕೂತು ಕಟ್ಟಿದ ಒಂದು ರೇಸ್ ಎಂಜಿನ್, ಜಪಾನಿನ ಗುಜರಿಯಿಂದ ತರಿಸಿದ ನಾಲ್ಕು ಇಂಜೆಕ್ಟರ್, ಮತ್ತು ನನ್ನ ಒಬ್ಬಳೇ ತಂಗಿ. ಮೊದಲೆರಡನ್ನು ನಾನೇ ಒಪ್ಪಿ ಕೊಟ್ಟೆ. ಮೂರನೆಯದನ್ನು ಯಾರೂ ನನ್ನ ಕೇಳಲಿಲ್ಲ.

ಶಾಲೆ ಮುಗಿಸುವವರನ್ನು ಬೀಳ್ಕೊಡುವ ಕೊನೆಯ ಗಂಟೆಯ ದಿನ ಅಪ್ಪನನ್ನು ಶಾಲೆಯಂಗಳಕ್ಕೆ ಬರಗೊಡಬೇಡಿ ಎಂದು ಬರೆದಿದ್ದೀಯ. ನಮ್ಮ ಸೂಸಮಿರ್ ಕಣಿವೆಯ ಹೆಂಗಸರು ಹೇಳಿದ್ದು ನಿನ್ನ ಕಿವಿಗೂ ಬಿದ್ದಿದೆ: "ಹೆಂಡ್ತಿ ನರಳ್ತಾ ಬಿದ್ದಿದ್ರೆ ಅವ್ನು ಹಿಮದಲ್ಲಿ ಕಂಪ್ಯೂಟರ್ ಕುಟ್ತಾ ನಿಂತಿದ್ನಂತೆ." ಹೌದು, ನಿಂತಿದ್ದ. ಪಕ್ಕದಲ್ಲಿ ನಾನಿದ್ದೆ.

ಅಂದು ಬೆಳಿಗ್ಗೆ ಆಂಬುಲೆನ್ಸ್ ಕಣಿವೆಯ ಆಚೆ ತುದಿಯಲ್ಲಿತ್ತು. ಮನೆಯಂಗಳದಲ್ಲಿ ಆ ಎಂಜಿನ್ ಕೂರಿಸಿದ ನಮ್ಮ ಕಾರೊಂದೇ. ತುಂಬು ಬಸುರಿ ನಿನ್ನಮ್ಮ ಬೆಗಿಮಾಯ್‌ಗೆ ರಕ್ತ ಹೋಗುತ್ತಿತ್ತು. ಬಿಷ್ಕೆಕ್‌ನ ಆಸ್ಪತ್ರೆಗೆ ಹೋಗಬೇಕಾದರೆ ಘಾಟಿ ಹತ್ತಿ ಸುರಂಗ ದಾಟಲೇಬೇಕು. ಸಾಮಾನ್ಯ ಕಾರು ಗಾಳಿಯನ್ನು ತಾನೇ ಅಳೆದು ಪೆಟ್ರೋಲ್ ಹನಿಸುತ್ತದೆ. ನಾವು ಶಕ್ತಿಯ ಆಸೆಗೆ ಆ ಅಳತೆಯನ್ನೇ ಕಿತ್ತು ಹಾಕಿದ್ದೆವು. ಪೆಡಲ್ ಎಷ್ಟು ಒತ್ತಿದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಬಯಲಿನ ದಪ್ಪ ಗಾಳಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆದಿದ್ದೆವು. ಬೆಟ್ಟದ ಮೇಲೆ ಗಾಳಿ ತೆಳು, ಪೆಟ್ರೋಲ್ ಮಾತ್ರ ಅಷ್ಟೇ. ಸುರಂಗದ ಬಾಯಿಗೆ ಬರುವ ಮೊದಲೇ ಎಂಜಿನ್ ಕಪ್ಪು ಹೊಗೆ ಉಗುಳಿ, ಪೆಟ್ರೋಲಿನಲ್ಲೇ ಮುಳುಗಿ ನಿಂತಿತು. ಹಿಂದೆ ಮುಂದೆ ಒಂದು ಗಾಡಿಯಿಲ್ಲ.

ಉರಾನ್ ಪ್ಲಗ್‌ಗಳನ್ನು ಬಿಚ್ಚಿ ಅಂಗಿಯಲ್ಲಿ ಒರೆಸಿದ. ಬಾನೆಟ್ ಮೇಲೆ ಕಂಪ್ಯೂಟರ್ ಇಟ್ಟು ಇಂಜೆಕ್ಟರ್‌ನ ಲೆಕ್ಕವನ್ನು ಚೂರು ಚೂರೇ ಇಳಿಸಿದ. ಇಳಿಸುವುದು, ಕಿವಿಗೊಡುವುದು, ಮತ್ತೆ ಇಳಿಸುವುದು. ಅವನ ಬೆರಳು ಸೆಟೆದು ಹೋಗಿತ್ತು. ಹಿಂದಿನ ಸೀಟಿನಿಂದ ನಿನ್ನಮ್ಮ, ಆ ಸ್ಥಿತಿಯಲ್ಲೂ, "ಏನ್ರೀ, ಹಠಮಾರಿ ಕುದುರೆಗೆ ಮುದ್ದು ಮಾಡ್ತಿದ್ದೀರಾ? ಮಗೂಗೆ ಅಷ್ಟು ತಾಳ್ಮೆ ಇಲ್ಲ!" ಎಂದಳು. ಎಂಜಿನ್ನಿನ ದನಿ ತಿಳಿಯಾಯಿತು. ಹೊರಟೆವು.

ಘಾಟಿ ಇಳಿದ ಮೇಲೆ, ಕಡಿಮೆ ಮಾಡಿದ್ದ ಆ ಪೆಟ್ರೋಲನ್ನು ಎಂಜಿನ್‌ಗೆ ವಾಪಸ್ ಕೊಡಬೇಕಿತ್ತು. ಇಲ್ಲದಿದ್ದರೆ ಬಯಲಿನ ಗಾಳಿಯಲ್ಲಿ ಅದು ಉಪವಾಸ ಬಿದ್ದು, ಕಾದು, ಪಿಸ್ಟನ್ ಕರಗುತ್ತದೆ. ಕಂಪ್ಯೂಟರ್ ಚಳಿಗೆ ಸತ್ತಿತ್ತು. ಮೆಲ್ಲಗೆ ಹೋದರೆ ಎಂಜಿನ್ ಉಳಿಯುತ್ತಿತ್ತು.

"ಭಾವ, ಪೆಡಲ್ ಒತ್ತಿದ್ರೆ ಈ ಎಂಜಿನ್ ಮುಗೀತು," ಎಂದ ಉರಾನ್.

ನಮ್ಮಲ್ಲಿ ಪದ್ಧತಿ ಇದು: ಸೋದರಮಾವನ ಮನೆಯಲ್ಲಿ ಸೋದರಿಯ ಮಕ್ಕಳು ಕೈಯಿಟ್ಟದ್ದು ಅವರದು. ಮಾವ ಇಲ್ಲವೆನ್ನುವ ಹಾಗಿಲ್ಲ. "ಹೊಟ್ಟೇಲಿರೋದು ಕೇಳ್ತಿದೆ ಕಣೋ. ಕೊಟ್ಟಾಯ್ತು, ಒತ್ತು!" ಎಂದೆ. ಬೆಗಿಮಾಯ್ ನಕ್ಕಳು: "ಹುಟ್ಟೋ ಮೊದ್ಲೇ ಮಾವನ್ನ ದೋಚಿತಲ್ಲಾ!"

ಬಯಲುದ್ದಕ್ಕೂ ಎಂಜಿನ್ನಿನೊಳಗೆ ಬಾಣಲೆಯಲ್ಲಿ ಜೋಳ ಸಿಡಿದಂತೆ ಸದ್ದು. ಉರಾನ್ ಕಾಲು ತೆಗೆಯಲಿಲ್ಲ. ಆಸ್ಪತ್ರೆಯ ಗೇಟಿನೊಳಗೆ ಬಂದು ಅದು ಸತ್ತಿತು. ಸ್ವಲ್ಪ ತಡವಾಗಿದ್ದರೂ ಮಗುವೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ನನಗೆ ಹೇಳಿದರು. ಸಾಯ್ಕಾಲ್ ಎಂಬ ಹೆಸರನ್ನು ನಿನ್ನಮ್ಮನೇ ನಿನ್ನ ಕಿವಿಯ ಬಳಿ ಹೇಳಿದಳು. ಸಂಜೆಗೆ ಹೋದಳು.

ನಿನ್ನಪ್ಪ ಮತ್ತೆ ಯಾವ ಎಂಜಿನ್ನನ್ನೂ ಶ್ರುತಿ ಮಾಡಲಿಲ್ಲ. ಊರವರ ಮಾತಿಗೆ ಎದುರಾಡಲೂ ಇಲ್ಲ. ಸುರಂಗದ ಕೆಳಗೆ ಹಿಮದಲ್ಲಿ ಕಳೆದ ಹೊತ್ತನ್ನು ಅವನು ಇಂದಿಗೂ ತನ್ನ ಖಾತೆಗೇ ಬರೆದುಕೊಳ್ಳುತ್ತಾನೆ. ಆ ಹೊತ್ತಿಲ್ಲದಿದ್ದರೆ ನಾವು ಮೂವರೂ, ನೀನೂ, ಅಲ್ಲೇ ಇರುತ್ತಿದ್ದೆವು.

ನೀನು ಕೇಳಿದ್ದನ್ನೆಲ್ಲ ಕೊಟ್ಟಿದ್ದೇನೆ, ಮಗಳೇ. ಇದೊಂದನ್ನು ಕೊಡಲಾರೆ. ಗಂಟೆ ಹೊಡೆಯುವಾಗ ಅವನು ನನ್ನ ಪಕ್ಕದಲ್ಲಿ ನಿಂತಿರುತ್ತಾನೆ.

ನಿನ್ನ ದಾರಿ ಬೆಳ್ಳಗಿರಲಿ, ಆಯುಸ್ಸು ಉದ್ದವಿರಲಿ. ಉಳಿದದ್ದು ಲೆಕ್ಕ. ನಿನ್ನಮ್ಮನಿಗೆ ಸಂಜೆಯವರೆಗಿನ ಹೊತ್ತು ಸಿಕ್ಕಿತು. ನನಗೆ ಸೊಸೆ ಸಿಕ್ಕಳು. ನಿನಗೆ ಜೀವ ಸಿಕ್ಕಿತು. ಉರಾನ್‌ಗೆ ಇನ್ನೂ ಏನೂ ಸಂದಿಲ್ಲ.

ನೀನು ಮೊದಲು ದೋಚಿದ
ನಿನ್ನ ಮಾವ, ಜೋಲ್ದೋಶ್